ಗಿಡ ಬೆಳೆದ ಟ್ಯಾಂಕಿನಲ್ಲಿ ಸಿಕ್ಲಿಡ್ ಸಾಕುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ನೀರಿಗೆ ಹೊಂದುವ ಕ್ರಮ

ಹೊಸದಾಗಿ ಮೀನು ಸಾಕುವ ಹುಡುಗರು ಹೆಚ್ಚಾಗಿ ಕೆಲಸ ಶುರು ಮಾಡುವುದೇ ಹಿಂದುಮುಂದಾಗಿ. ಬೆಳಿಗ್ಗೆ ಟ್ಯಾಂಕ್ ತಂದು, ಮಧ್ಯಾಹ್ನ ಬೋರ್ ನೀರು ತುಂಬಿ, ಅಂಗಡಿಯವರು ‘ಮಿಕ್ಸ್ ಸಿಕ್ಲಿಡ್’ ಅಂತ ಕೊಟ್ಟ ಆರೇಳು ಮೀನನ್ನು ಸಂಜೆಯೊಳಗೆ ಬಿಟ್ಟಾಗಿರುತ್ತದೆ. ಗಿಡ ತರುವುದು ಮುಂದಿನ ವಾರ. ಅಷ್ಟರಲ್ಲಿ ಎರಡು ಮೀನು ಸತ್ತಿರುತ್ತವೆ. ಉಳಿದವು ಹೊಸ ಗಿಡಗಳನ್ನು ರಾತ್ರೋರಾತ್ರಿ ಕಿತ್ತು ತೇಲಿಸುತ್ತವೆ. ಕೊನೆಗೆ ‘ಸಿಕ್ಲಿಡ್ ಇದ್ದಲ್ಲಿ ಗಿಡ ನಿಲ್ಲಲ್ಲ’ ಅಂತ ತೀರ್ಮಾನ.

ನಿಲ್ಲುತ್ತದೆ, ಕ್ರಮ ಸರಿಯಿದ್ದರೆ. ಮೊದಲು ನೀರು ಅಳೆಯುವುದು, ಆ ನೀರಿಗೆ ಹೊಂದುವ ಮೀನು ಯಾವುದೆಂದು ಕಾಗದದ ಮೇಲೆ ನಿರ್ಧರಿಸುವುದು, ನಂತರ ಟ್ಯಾಂಕ್, ಕಲ್ಲು, ಮರಳು, ಗಿಡ. ಆಮೇಲೆ ಐದಾರು ವಾರ ಕಾಯುವುದು. ಮೀನು ಎಲ್ಲಕ್ಕಿಂತ ಕೊನೆಗೆ. ಪರೀಕ್ಷೆ ಮುಗಿದ ರಜೆಯಲ್ಲಿ ಶುರು ಮಾಡಿದರೆ ಕಾಲೇಜು ತೆರೆಯುವ ಹೊತ್ತಿಗೆ ಮೀನು ಬಿಡಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಗಪ್ಪಿ ಸಾಕಿ, ಅದರಲ್ಲೇನೂ ನಾಚಿಕೆಯಿಲ್ಲ.

ಮೊದಲೇ ಕೂಡಿಸಿಕೊಳ್ಳಬೇಕಾದ ಸಾಮಾನು

ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಅಳೆಯುವ ಮೀಟರ್, ಥರ್ಮಾಮೀಟರ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮತ್ತು ಪಿಎಚ್ ನೋಡುವ ಹನಿ ಕಿಟ್, ಕೆಎಚ್ (ಪಿಎಚ್ ಅಲುಗದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ) ಮತ್ತು ಜಿಎಚ್ (ನೀರಿನ ಒಟ್ಟು ಗಡಸುತನ) ನೋಡುವ ಪಟ್ಟಿ. ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್, ಹೀಟರ್, ಟೈಮರ್ ಇರುವ ಎಲ್‌ಇಡಿ ಲೈಟು, ಸೈಫನ್ ಪೈಪು, ಆಂಟಿ ಕ್ಲೋರಿನ್ ದ್ರಾವಣ. ಇವುಗಳ ಜೊತೆ ಎರಡು ಬಕೆಟ್ಟು, ಸೋಪು ಎಂದೂ ಮುಟ್ಟಿರದಂಥವು. ಅವುಗಳ ಮೇಲೆ ಮಾರ್ಕರ್‌ನಲ್ಲಿ ‘ಮೀನಿಗೆ’ ಅಂತ ದೊಡ್ಡದಾಗಿ ಬರೆದಿಡಿ. ಇಲ್ಲದಿದ್ದರೆ ಒಂದು ದಿನ ಅದರಲ್ಲಿ ಬಟ್ಟೆ ನೆನೆಯುತ್ತಿರುತ್ತದೆ.

ಹಣ ಸಾಲದಿದ್ದರೆ ಲೈಟಿನಲ್ಲಿ ಉಳಿಸಿ, ಹಿನ್ನೆಲೆಯ ಬಣ್ಣದ ಪೋಸ್ಟರ್ ಬಿಡಿ. ಹನಿ ಕಿಟ್ ಬಿಡಬೇಡಿ. ಅದಿಲ್ಲದೆ ಮುಂದಿನ ಆರನೇ ಹಂತ ಬರೀ ಊಹೆಯಾಗುತ್ತದೆ.

1. ನಿಮ್ಮ ಮನೆಯ ನೀರನ್ನು ತಿಳಿದುಕೊಳ್ಳಿ

ನಮ್ಮ ಮನೆಗಳಲ್ಲಿ ಒಂದೇ ನೀರು ಬರುವುದಿಲ್ಲ. ದಾವಣಗೆರೆಯಲ್ಲಿ ನಲ್ಲಿಗೆ ಬರುವುದು ತುಂಗಭದ್ರಾ ಮತ್ತು ಭದ್ರಾ ನಾಲೆಯ ನೀರು, ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ಸಂಗ್ರಹವಾಗಿ ಬರುವಂಥದ್ದು. ಚಿತ್ರದುರ್ಗಕ್ಕೆ ಸೂಳೆಕೆರೆ ಮತ್ತು ವಾಣಿವಿಲಾಸ ಸಾಗರದ್ದು. ಇವು ಮೇಲ್ಮೈ ನೀರಾದ್ದರಿಂದ ಸಾಮಾನ್ಯವಾಗಿ ಬೋರ್‌ಗಿಂತ ಮೆದು. ಬೋರ್ ನೀರು ಬೇರೆಯೇ ಜಾತಿ: ಗಡಸು, ಕೊಡದ ತಳದಲ್ಲಿ ಬಿಳಿ ಪೊರೆ ಕಟ್ಟುವಂಥದ್ದು. ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನಲ್ಲಿ ನೀರು ಬಂದ ದಿನ ಒಂದು ಅಳತೆ, ನಾಲ್ಕು ದಿನ ಬಿಟ್ಟು ಇನ್ನೊಂದು. ಆದ್ದರಿಂದ ಎರಡು ವಾರ ದಿನ ಬಿಟ್ಟು ದಿನ ಅಳೆದು ಬರೆದಿಡಿ. ಒಂದೇ ಸಲ ಅಳೆದು ನಂಬಬೇಡಿ.

ಟಿಡಿಎಸ್ 250ರೊಳಗೆ ಇದ್ದರೆ ಕೆಳಗೆ ಗಿಡದ ಟ್ಯಾಂಕಿಗೆಂದು ಆರಿಸುವ ಮೀನುಗಳಿಗೆ ತೊಂದರೆಯಿಲ್ಲ. 250ರಿಂದ 500ರವರೆಗೆ ಕೆಲವು ಮಾತ್ರ. ಅದಕ್ಕೂ ಮೇಲಿದ್ದರೆ ಆರ್‌ಓ ನೀರು ಬೆರೆಸಬೇಕು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದಷ್ಟೇ ಈ ಮೀಟರ್ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಅದಕ್ಕೇ ಕೆಎಚ್ ಪಟ್ಟಿ ಬೇಕು. ಕೆಎಚ್ 4ರಿಂದ 8ರ ನಡುವೆ ಇದ್ದರೆ ಪಿಎಚ್ ಏರುಪೇರಾಗದೆ ನಿಲ್ಲುತ್ತದೆ.

ಬೆರೆಸುವ ಲೆಕ್ಕ ಸುಲಭ. ಟಿಡಿಎಸ್ ಲೆಕ್ಕದಲ್ಲಿ ಬೋರ್ ನೀರು 900, ಆರ್‌ಓ ನೀರು 50 ಇದ್ದರೆ, ಒಂದು ಪಾಲು ಬೋರಿಗೆ ಮೂರು ಪಾಲು ಆರ್‌ಓ ಹಾಕಿದಾಗ ಸುಮಾರು 260 ಬರುತ್ತದೆ. ಎರಡಡಿ ಟ್ಯಾಂಕಿಗೆ ವಾರಕ್ಕೆ ಬೇಕಾದದ್ದು 20 ಲೀಟರ್, ಅಂದರೆ 15 ಲೀಟರ್ ಆರ್‌ಓ. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಒಂದು ಕ್ಯಾನ್ ಸಾಕು. ಬರೀ ಆರ್‌ಓ ನೀರಿನಲ್ಲಿ ಮಾತ್ರ ಟ್ಯಾಂಕ್ ಮಾಡಬೇಡಿ. ಅದರಲ್ಲಿ ಕೆಎಚ್ ಇರುವುದಿಲ್ಲ, ಪಿಎಚ್ ಒಂದು ದಿನ ದಿಢೀರನೆ ಕುಸಿಯುತ್ತದೆ. ಸ್ನಾನದ ಮನೆಗೆ ಹಾಕಿಸಿದ ವಾಟರ್ ಸಾಫ್ಟ್‌ನರ್‌ನ ನೀರೂ ಬೇಡ. ಅದು ಸುಣ್ಣದಂಶವನ್ನು ಸೋಡಿಯಂಗೆ ಬದಲಿಸುತ್ತದೆ ಅಷ್ಟೆ, ಲವಣ ಕಡಿಮೆಯಾಗುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ಮರುದಿನವೇ ಆ ನೀರು ಬಳಸುವುದು. ಹೊಸದಾಗಿ ಕಟ್ಟಿದ ಸಿಮೆಂಟ್ ಸಂಪಿನ ನೀರು ಬಳಸುವುದು. ತಿಂಗಳುಗಟ್ಟಲೆ ಅದರಿಂದ ಸುಣ್ಣ ಬಿಡುತ್ತ ಪಿಎಚ್ ಏರಿರುತ್ತದೆ. ಏಪ್ರಿಲ್ ಮಧ್ಯಾಹ್ನ ಮಾಳಿಗೆಯ ಸಿಂಟೆಕ್ಸ್‌ನಿಂದ ನೇರ ಪೈಪು ಬಿಡುವುದು. ಆ ನೀರಿನಲ್ಲಿ ಕೈ ಇಟ್ಟರೆ ನಿಮಗೇ ಗೊತ್ತಾಗುತ್ತದೆ. ಯಾವ ನೀರಾದರೂ ಬಕೆಟ್ಟಿನಲ್ಲಿ ಹಿಡಿದು, ಏರ್ ಪಂಪ್ ಹಚ್ಚಿ, 24 ಗಂಟೆ ಬಿಟ್ಟು ಬಳಸಿ. ಅವಸರವಿದ್ದರೆ ಆಂಟಿ ಕ್ಲೋರಿನ್ ಹಾಕಿ.

‘ಪಿಎಚ್ ಡೌನ್’ ಎಂಬ ಬಾಟಲಿ ಕೊಳ್ಳಬೇಡಿ. ಗಡಸು ನೀರಿನಲ್ಲಿ ಅದು ಸಂಜೆ ಇಳಿಸುತ್ತದೆ, ಬೆಳಿಗ್ಗೆ ಮತ್ತೆ ಏರಿರುತ್ತದೆ. 7.8ರ ಪಿಎಚ್‌ಗಿಂತ ಈ ಏರಿಳಿತವೇ ಮೀನಿಗೆ ಹೆಚ್ಚು ಕೆಟ್ಟದ್ದು.

2. ಮೀನು ಆರಿಸಿ, ಕೊಳ್ಳಬೇಡಿ

ಸಿಕ್ಲಿಡ್ ಎಂಬುದು ಒಂದು ಮೀನಿನ ಹೆಸರಲ್ಲ, ದೊಡ್ಡ ಕುಟುಂಬದ ಹೆಸರು. ಕೆರೆಗಳಲ್ಲಿ ಹಿಡಿದು ಮಾರುವ ಜಿಲೇಬಿ ಮೀನೂ ಸಿಕ್ಲಿಡ್ಡೇ, ಅಂಗಡಿಯ ಏಂಜಲ್ಲೂ ಸಿಕ್ಲಿಡ್ಡೇ. ಹಾಗಾಗಿ ‘ಸಿಕ್ಲಿಡ್ ಕೊಡಿ’ ಅಂತ ಕೇಳಿದರೆ ಅಂಗಡಿಯವರು ತಮ್ಮಲ್ಲಿ ಇರುವುದನ್ನು ಕೊಡುತ್ತಾರೆ.

ಗಿಡದ ಟ್ಯಾಂಕಿಗೆ ಮೊದಲ ಆಯ್ಕೆ ಏಂಜಲ್. ಅದು ಮರಳು ಕೆದಕುವುದಿಲ್ಲ, ಎಲೆ ತಿನ್ನುವುದಿಲ್ಲ, ಅಗಲ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ತಲೆಮಾರುಗಳಿಂದ ಟ್ಯಾಂಕಿನಲ್ಲೇ ಮರಿಯಾಗಿ ಬಂದ ಏಂಜಲ್ ಸಾಧಾರಣ ಗಡಸು ನೀರು ತಡೆಯುತ್ತದೆ. ಆದರೆ ಅದಕ್ಕೆ ಎತ್ತರ ಬೇಕು, ಕನಿಷ್ಠ ಒಂದೂವರೆ ಅಡಿ.

ಎರಡಡಿ ಟ್ಯಾಂಕಷ್ಟೇ ಇಡಲು ಜಾಗವಿದ್ದರೆ ಕ್ರಿಬೆನ್ಸಿಸ್ ಅಥವಾ ಬೊಲಿವಿಯನ್ ರ‍್ಯಾಮ್‌ನ ಒಂದೇ ಜೋಡಿ. ಕ್ರಿಬೆನ್ಸಿಸ್ ಪಶ್ಚಿಮ ಆಫ್ರಿಕಾದ ಮೀನು, ನಮ್ಮ ಬೋರ್ ನೀರಿಗೆ ಇವೆಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಅದು ಗುಹೆಯ ಸುತ್ತ ಕೆದಕುತ್ತದೆ, ಟ್ಯಾಂಕಿನ ತುಂಬ ಅಲ್ಲ. ನೀಲಿ ಮಿಂಚಿನ ಜರ್ಮನ್ ರ‍್ಯಾಮ್ ನೋಡಿದರೆ ಎಲ್ಲರಿಗೂ ಆಸೆ. ಅದಕ್ಕೆ 27ರಿಂದ 30 ಡಿಗ್ರಿ ಬಿಸಿ, ಮೆದು ನೀರು, ಹಳೆಯ ಸ್ಥಿರ ಟ್ಯಾಂಕ್ ಮೂರೂ ಬೇಕು. ಬಿಸಿ ನಮ್ಮೂರಲ್ಲಿ ಸಿಗುತ್ತದೆ, ಉಳಿದೆರಡು ಮೊದಲ ವರ್ಷ ಸಿಗುವುದಿಲ್ಲ. ಅದನ್ನು ಮುಂದಕ್ಕೆ ಹಾಕಿ.

ಆಸ್ಕರ್, ಫ್ಲವರ್‌ಹಾರ್ನ್, ಗ್ರೀನ್ ಟೆರರ್, ಜಾಕ್ ಡೆಂಪ್ಸಿ ಇವುಗಳಿದ್ದಲ್ಲಿ ಗಿಡದ ಮಾತೇ ಬೇಡ. ಮಲಾವಿ ಸರೋವರದ ಹಳದಿ, ನೀಲಿ ಎಂಬೂನಾಗಳು ಗಡಸು ನೀರನ್ನೇ ಬಯಸುತ್ತವೆ. ಆದರೆ ಅವು ಪಾಚಿ ಕೆರೆದು ತಿನ್ನುವ ಮೀನುಗಳು, ಎಳೆ ಗಿಡ ಅವುಗಳ ಬಾಯಲ್ಲಿ ಉಳಿಯುವುದಿಲ್ಲ. ಅಂಗಡಿಯ ‘ಮಿಕ್ಸ್’ ಎಂದರೆ ಹೆಚ್ಚಾಗಿ ಇವೇ. ಒಂದೂವರೆ ಇಂಚಿನ ಮರಿಯಾಗಿದ್ದಾಗ ಸಾಧುವಾಗಿ ಕಾಣುತ್ತವೆ, ಆರು ತಿಂಗಳು ಕಳೆಯಲಿ, ಗೊತ್ತಾಗುತ್ತದೆ. ಭಾರತಕ್ಕೆ ಸೇರಿದ ಸಿಕ್ಲಿಡ್‌ಗಳೂ ಮೂರಿವೆ. ಅವುಗಳಲ್ಲಿ ಚಿಕ್ಕದಾದ ಆರೆಂಜ್ ಕ್ರೋಮೈಡ್ ಗಡಸು ನೀರಿಗೆ ಅಂಜುವುದಿಲ್ಲ, ಸಿಕ್ಕರೆ ಸಾಕಬಹುದು.

3. ಟ್ಯಾಂಕ್ ಮತ್ತು ಅದರ ಜಾಗ

ಏಂಜಲ್‌ಗೆ 36, 18, 18 ಇಂಚು: ಸುಮಾರು 190 ಲೀಟರ್, ಗಾಜು 8 ಮಿ.ಮೀ. ಕ್ರಿಬೆನ್ಸಿಸ್ ಅಥವಾ ಬೊಲಿವಿಯನ್ ರ‍್ಯಾಮ್ ಜೋಡಿಗೆ 24, 15, 15 ಇಂಚು: ಸುಮಾರು 88 ಲೀಟರ್. ಮೂರಡಿಯದು ನೀರು, ಕಲ್ಲು, ಗಾಜು ಸೇರಿ ಸುಮಾರು 250 ಕೆ.ಜಿ. ತೂಗುತ್ತದೆ. ಓದುವ ಮೇಜಿನ ಮೇಲೆ, ಹಳೇ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವಂಥದ್ದಲ್ಲ. ಕಬ್ಬಿಣದ ಸ್ಟ್ಯಾಂಡು, ಮೇಲೆ ಪ್ಲೈವುಡ್ಡು, ಅದರ ಮೇಲೆ ಥರ್ಮೊಕೋಲ್ ಹಾಳೆ, ನಂತರ ಟ್ಯಾಂಕು. ಮಟ್ಟಗೋಲು ಇಟ್ಟು ನೋಡಿ. ನೀರಿನ ಮಟ್ಟ ಒಂದು ಕಡೆ ವಾಲಿದ್ದರೆ ಗಾಜಿನ ಮೂಲೆಗೆ ಒತ್ತಡ ಬೀಳುತ್ತದೆ.

ಬಿಸಿಲು ಬೀಳುವ ಕಿಟಕಿ, ಪಡುವಣ ಗೋಡೆ ಬೇಡ. ಪಡುವಣ ಗೋಡೆ ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬಿಸಿಯಾಗಿರುತ್ತದೆ. ಖಾಲಿ ಟ್ಯಾಂಕಿಗೆ ನೀರು ತುಂಬಿ ಎರಡು ದಿನ ಬಿಟ್ಟು ಸೋರುತ್ತದೆಯೇ ನೋಡಿ, ಆಮೇಲೆ ಖಾಲಿ ಮಾಡಿ.

ಕರೆಂಟಿನ ವಿಷಯ ತಮಾಷೆಯಲ್ಲ. ಪ್ರತಿ ವೈರೂ ಟ್ಯಾಂಕಿನಿಂದ ಕೆಳಗೆ ಜೋತು, ಮತ್ತೆ ಮೇಲೆ ಹತ್ತಿ ಪ್ಲಗ್ಗಿಗೆ ಹೋಗಬೇಕು. ಆಗ ವೈರಿನ ಗುಂಟ ಹರಿದ ನೀರು ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ. ಎಕ್ಸ್‌ಟೆನ್ಷನ್ ಬೋರ್ಡು ನೆಲದ ಮೇಲೆ ಇರಬಾರದು. ನೀರಿಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ ಆಫ್ ಮಾಡಿ, ಹೀಟರನ್ನಂತೂ ನೀರು ಇಳಿಸುವ ಕಾಲು ಗಂಟೆ ಮೊದಲೇ. ಬಿಸಿ ಹೀಟರ್ ನೀರಿನಿಂದ ಹೊರಬಂದರೆ ಸೀಳುತ್ತದೆ. ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇಲ್ಲದಿದ್ದರೆ ಅಪ್ಪನ ಹತ್ತಿರ ಮೊದಲು ಅದನ್ನು ಕೇಳಿ, ಮೀನನ್ನು ಆಮೇಲೆ.

4. ಕಲ್ಲು, ಮರ, ಮರಳು, ಈ ಕ್ರಮದಲ್ಲೇ

ಕಲ್ಲು ಮೊದಲು, ನೇರ ತಳದ ಮೇಲೆ, ಕೆಳಗೆ ತೆಳು ಥರ್ಮೊಕೋಲ್ ತುಂಡು ಇಟ್ಟು. ಮರಳಿನ ಮೇಲೆ ಕಲ್ಲು ಪೇರಿಸಿದರೆ ಮೀನು ಅದರ ಬುಡ ಕೆದಕುತ್ತದೆ, ಕಲ್ಲು ಉರುಳಿ ಗಾಜು ಒಡೆಯುತ್ತದೆ.

ನಮ್ಮ ಭಾಗದ ಗ್ರಾನೈಟ್ ನೀರಿಗೆ ಏನೂ ಬಿಡುವುದಿಲ್ಲ, ಒಳ್ಳೆಯ ಕಲ್ಲು. (ಹಾಗಂತ ಕೋಟೆಯಿಂದ ಎತ್ತಿಕೊಂಡು ಬರಬೇಡಿ, ಅದು ಸಂರಕ್ಷಿತ ಸ್ಮಾರಕ. ಚೂರು ಕಲ್ಲು ಜಲ್ಲಿ ಅಂಗಡಿಯಲ್ಲೇ ಸಿಗುತ್ತದೆ.) ಅನುಮಾನವಿದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಸುಣ್ಣವಿದೆ, ಬೇಡ. ಹಸಿರು ಕಲೆ ಅಥವಾ ಹಿತ್ತಾಳೆಯಂಥ ಮಿನುಗು ಇರುವ ಕಲ್ಲೂ ಬೇಡ. ಚಿತ್ರದುರ್ಗದ ಇಂಗಳದಾಳ ಕಡೆ ತಾಮ್ರದ ಅದಿರೇ ಇದೆ. ತಾಮ್ರ ಸ್ವಲ್ಪ ಕರಗಿದರೂ ಸೀಗಡಿ, ಬಸವನಹುಳು ಮೊದಲು ಸಾಯುತ್ತವೆ, ಮೀನು ಆಮೇಲೆ.

ಮರದ ಕೊರಡು ಅಂಗಡಿಯದೇ ಆಗಲಿ. ಹೊಲದ ಬೇಲಿಯಿಂದ ತಂದ ಹಸಿ ಕಟ್ಟಿಗೆ ಕೊಳೆತು ನೀರು ಕೆಡುತ್ತದೆ. ಕೊರಡನ್ನು ಎರಡು ವಾರ ನೆನೆಹಾಕಿ, ನೀರು ಬದಲಿಸುತ್ತಿರಿ. ಕ್ರಿಬೆನ್ಸಿಸ್‌ಗೆ ಗುಹೆ ಬೇಕು. ತೆಂಗಿನ ಚಿಪ್ಪಿನ ನಾರು ತೆಗೆದು, ಕುದಿಸಿ, ಅಂಚಿನಲ್ಲಿ ಒಂದು ಮೀನು ತೂರುವಷ್ಟು ಕಂಡಿ ಕೊರೆದು ಬೋರಲು ಹಾಕಿ. ಅದಕ್ಕಿಂತ ಒಳ್ಳೆಯದನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಮರಳು ಒಂದು ಮಿ.ಮೀ. ಆಸುಪಾಸಿನ ನುಣುಪಾದದ್ದು, ಐದಾರು ಸೆಂ.ಮೀ. ದಪ್ಪ. ಎಂ-ಸ್ಯಾಂಡ್ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಚೂಪು ಅಂಚಿರುತ್ತದೆ. ಮರಳನ್ನು ಬಾಯಲ್ಲಿ ತುಂಬಿ ಉಗುಳುವ ಮೀನಿಗೆ ಅದರಿಂದ ಗಾಯ. ತೊಳೆದ ನೀರು ತಿಳಿಯಾಗುವವರೆಗೆ ಮರಳು ತೊಳೆಯಿರಿ. ಮಣ್ಣು ಹಾಕಿ ಮೇಲೆ ಮರಳು ಮುಚ್ಚುವ ವಿಧಾನವನ್ನು ವಿಡಿಯೋಗಳಲ್ಲಿ ನೋಡಿರುತ್ತೀರಿ. ಕೆದಕುವ ಮೀನಿರುವ ಟ್ಯಾಂಕಿನಲ್ಲಿ ಆ ಮಣ್ಣು ಮೇಲೆ ಬರುತ್ತದೆ. ಅದರಲ್ಲೂ ನಮ್ಮ ಎರೆಮಣ್ಣು ಬೇಡವೇ ಬೇಡ, ಅದರ ತುಂಬ ಸುಣ್ಣದ ಹರಳುಗಳಿರುತ್ತವೆ. ಗಿಡದ ಟ್ಯಾಂಕಿಗೆಂದೇ ಮಾರುವ ದುಬಾರಿ ಮಣ್ಣು, ಆಕ್ವಾ ಸಾಯಿಲ್ ಕೂಡ ಬೋರ್ ನೀರಿನಲ್ಲಿ ನೀರು ಮೆದು ಮಾಡುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ, ದುಡ್ಡು ದಂಡ.

5. ಗಿಡ ನೆಡುವುದು

ಸಿಕ್ಲಿಡ್ ಇರುವ ಕಡೆ ಗಿಡ ಉಳಿಯಬೇಕಾದರೆ ಅದು ಕೀಳಲಾಗದಂತೆ ಇರಬೇಕು, ಇಲ್ಲವೇ ಕಿತ್ತಷ್ಟೂ ಬೆಳೆಯುವಂಥದ್ದಾಗಿರಬೇಕು. ಮೊದಲ ಗುಂಪಿಗೆ ಅನೂಬಿಯಾಸ್, ಜಾವಾ ಫರ್ನ್, ಜಾವಾ ಮಾಸ್. ಇವನ್ನು ಮರಳಿಗೆ ನೆಡುವುದೇ ಇಲ್ಲ. ಕಲ್ಲಿಗೆ ಅಥವಾ ಕೊರಡಿಗೆ ಹತ್ತಿ ದಾರದಲ್ಲಿ ಕಟ್ಟಿ, ಇಲ್ಲವೇ ಜೆಲ್ ಸೂಪರ್ ಗ್ಲೂ ಒಂದು ಹನಿ ಹಾಕಿ ಅಂಟಿಸಿ. ಎಲೆಗಳು ಹೊರಡುವ ದಪ್ಪ ಅಡ್ಡಕಾಂಡವನ್ನು ಮರಳಲ್ಲಿ ಹೂತರೆ ಅದು ಕೊಳೆತು ಮೆತ್ತಗಾಗುತ್ತದೆ. ‘ನನ್ನ ಅನೂಬಿಯಾಸ್ ಸತ್ತಿತು’ ಎನ್ನುವವರಲ್ಲಿ ಹೆಚ್ಚಿನವರು ಹೂತಿರುತ್ತಾರೆ.

ಎರಡನೇ ಗುಂಪಿಗೆ ವ್ಯಾಲಿಸ್ನೇರಿಯಾ ಮತ್ತು ಹಾರ್ನ್‌ವರ್ಟ್. ವ್ಯಾಲಿಸ್ನೇರಿಯಾಗೆ ಗಡಸು ನೀರೆಂದರೆ ಇಷ್ಟ. ಉಳಿದ ಗಿಡ ಸೊರಗುವ ಬೋರ್ ನೀರಿನಲ್ಲಿ ಅದು ಬಳ್ಳಿ ಬಿಟ್ಟು ಹಬ್ಬುತ್ತದೆ. ಬೇರು ಮಾತ್ರ ಮರಳಿನೊಳಗೆ, ಎಲೆ ಹೊರಡುವ ಬಿಳಿ ಬುಡ ಮೇಲೆ ಕಾಣುತ್ತಿರಬೇಕು. ಹಾರ್ನ್‌ವರ್ಟ್ ತೇಲಬಿಡಿ, ಅಮೋನಿಯಾ ಹೀರುವುದರಲ್ಲಿ ಅದು ಗಟ್ಟಿಗ.

ಏಂಜಲ್ ಟ್ಯಾಂಕಿಗೆ ಇವುಗಳ ಜೊತೆ ಅಮೆಜಾನ್ ಸ್ವೋರ್ಡ್ ಒಂದೆರಡು, ಬುಡದಲ್ಲಿ ಎರಡು ತಿಂಗಳಿಗೊಮ್ಮೆ ರೂಟ್ ಟ್ಯಾಬ್ (ಬೇರಿನ ಹತ್ತಿರ ಹೂಳುವ ಗೊಬ್ಬರದ ಮಾತ್ರೆ). ಕ್ರಿಬೆನ್ಸಿಸ್ ಟ್ಯಾಂಕಿನಲ್ಲಿ ಕ್ರಿಪ್ಟೋಕೋರಿನ್ ಹಾಕುವುದಾದರೆ ಗುಹೆಯಿಂದ ದೂರ, ಸಣ್ಣ ಮಣ್ಣಿನ ಕುಂಡದಲ್ಲಿ ನೆಟ್ಟು, ಮೇಲೆ ಗುಂಡುಕಲ್ಲು ಮುಚ್ಚಿ ಇಡಿ. ಆ ಕಲ್ಲುಗಳು ಮೀನಿನ ಬಾಯಿಗೆ ಹಿಡಿಸದಷ್ಟು ದಪ್ಪ ಇರಲಿ.

ಹೊಸದಾಗಿ ನೆಟ್ಟ ಕ್ರಿಪ್ಟೋಕೋರಿನ್ ಎಲೆಯೆಲ್ಲ ಎರಡು ವಾರದಲ್ಲಿ ಕರಗಿ ಹೋಗಬಹುದು. ಕಿತ್ತು ಎಸೆಯಬೇಡಿ, ಬೇರಿನಿಂದ ಮತ್ತೆ ಬರುತ್ತದೆ. ಕೊಳೆತ ಎಲೆಯನ್ನಷ್ಟೇ ತೆಗೆಯಿರಿ.

ನಾಲೆಯಿಂದ, ಕೆರೆಯಿಂದ ಗಿಡ ತರುವ ಆಸೆ ಸಹಜ. ಅಲ್ಲಿ ವ್ಯಾಲಿಸ್ನೇರಿಯಾ, ಹೈಡ್ರಿಲಾ ಪುಕ್ಕಟೆ ಸಿಗುತ್ತವೆ. ಆದರೆ ಭದ್ರಾ ಅಚ್ಚುಕಟ್ಟಿನ ನಾಲೆಗಳ ಪಕ್ಕದಲ್ಲೇ ಭತ್ತದ ಗದ್ದೆ, ಅಲ್ಲಿಗೆ ಹೊಡೆದ ಔಷಧಿ ಗಿಡದಲ್ಲೂ ಇರುತ್ತದೆ. ಜೊತೆಗೆ ಜಿಗಣೆ, ಹೆಲಿಕಾಪ್ಟರ್ ಚಿಟ್ಟೆಯ ಮರಿಹುಳು. ಈ ಮರಿಹುಳು ಸಣ್ಣ ಮೀನುಮರಿಗಳನ್ನು ಹಿಡಿದು ತಿನ್ನುತ್ತದೆ. ಎಲ್ಲಿಂದ ತಂದರೂ ಗಿಡವನ್ನು ಎರಡು ವಾರ ಬೇರೆ ಬಕೆಟ್ಟಿನಲ್ಲಿ ಬೆಳಕಿಗಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಟ್ಯಾಂಕಿಗೆ ಹಾಕಿ.

ಲೈಟು ದಿನಕ್ಕೆ ಆರು ಗಂಟೆ, ಟೈಮರ್‌ನಲ್ಲಿ. ಎರಡು ತಿಂಗಳ ನಂತರ ಏಳೆಂಟಕ್ಕೆ ಏರಿಸಬಹುದು. ‘ಗಿಡ ಬೆಳೆಯಲಿ’ ಅಂತ ಹನ್ನೆರಡು ಗಂಟೆ ಹಚ್ಚಿದರೆ ಬೆಳೆಯುವುದು ಪಾಚಿ. ಸಕ್ಕರೆ ಮತ್ತು ಈಸ್ಟ್ ಬಾಟಲಿಯ ಇಂಗಾಲದ ಡೈಆಕ್ಸೈಡ್ ಪ್ರಯೋಗ ಇಲ್ಲಿ ಹೇಳಿದ ಯಾವ ಗಿಡಕ್ಕೂ ಬೇಕಿಲ್ಲ.

6. ಮೀನಿಲ್ಲದ ಐದಾರು ವಾರ

ಹುಡುಗರು ಸೋಲುವುದು ಇಲ್ಲೇ. ನೀರು ತಿಳಿಯಾಗಿ ಕಂಡರೆ ಸಿದ್ಧವಾಯಿತೆಂದು ತಿಳಿಯುತ್ತಾರೆ. ತಿಳಿ ನೀರಿಗೂ ಸಿದ್ಧ ನೀರಿಗೂ ಸಂಬಂಧವಿಲ್ಲ.

ಮೀನು ವಿಸರ್ಜಿಸುವುದು ಅಮೋನಿಯಾ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಕಡಿಮೆ ಅಪಾಯಕಾರಿ, ಗಿಡ ಅದನ್ನು ಗೊಬ್ಬರವಾಗಿ ಹೀರುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಾಂಜಿನಲ್ಲಿ ಮನೆ ಮಾಡಲು ವಾರಗಳು ಬೇಕು. ನಮ್ಮಲ್ಲಿ ಇದು ಇನ್ನೂ ಮುಖ್ಯ: ಪಿಎಚ್ 7ರಿಂದ 8ಕ್ಕೆ ಏರಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷದ ಪಾಲು ಹತ್ತು ಪಟ್ಟಿನ ಹತ್ತಿರ ಏರುತ್ತದೆ. ಮೆದು ನೀರಿನ ಊರಿನವರು ಪಾರಾಗುವ ತಪ್ಪಿನಲ್ಲಿ ಬೋರ್ ನೀರಿನವರ ಮೀನು ಸಾಯುವುದು ಇದಕ್ಕೇ.

ಮಾಡುವುದು ಹೀಗೆ. ಫಿಲ್ಟರ್ ದಿನವಿಡೀ ಓಡಲಿ, ನೀರು 27 ಡಿಗ್ರಿ ಇರಲಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಅಮೋನಿಯಾ ಬರುತ್ತದೆ. ಮೂರು ದಿನಕ್ಕೊಮ್ಮೆ ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಹಿಂದೆಯೇ ನೈಟ್ರೈಟ್ ಏರುತ್ತದೆ. ನೈಟ್ರೈಟ್ ಇಳಿಯಲು ಹೆಚ್ಚು ದಿನ ಹಿಡಿಯುತ್ತದೆ, ಅಲ್ಲೇ ಬೇಸರವಾಗುವುದು. ಆಹಾರ ಹಾಕುತ್ತಲೇ ಇದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಪೂರ್ತಿ ಸೊನ್ನೆ ತೋರಿಸಿ, ನೈಟ್ರೇಟ್ ಕಂಡರೆ ಟ್ಯಾಂಕ್ ಸಿದ್ಧ. ಗಿಡ ದಟ್ಟವಾಗಿದ್ದರೆ ನೈಟ್ರೇಟ್ ಕಡಿಮೆ ಕಾಣಬಹುದು, ಅದಕ್ಕೆ ಗಾಬರಿ ಬೇಡ.

ಆರೋಗ್ಯವಾದ ಹಳೇ ಟ್ಯಾಂಕ್ ಇರುವ ಗೆಳೆಯನ ಹತ್ತಿರ ಬಳಸಿದ ಸ್ಪಾಂಜ್ ತುಂಡೊಂದನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ಹಾಲಿಗೆ ಹೆಪ್ಪು ಹಾಕಿದಂತೆ, ಎರಡು ವಾರದಲ್ಲೂ ಕೆಲಸ ಮುಗಿಯಬಹುದು. ಅವನ ಟ್ಯಾಂಕಿನಲ್ಲಿ ಇತ್ತೀಚೆಗೆ ಮೀನು ಸತ್ತಿದ್ದರೆ ಮಾತ್ರ ತರಬೇಡಿ.

ಎರಡನೇ ವಾರದ ಹೊತ್ತಿಗೆ ನೀರು ಹಾಲು ಬೆರೆಸಿದಂತೆ ಮಬ್ಬಾಗಬಹುದು. ಗಾಜಿಗೆ ಕಂದು ಪುಡಿ ಹತ್ತಬಹುದು. ಎರಡೂ ತಾವಾಗಿಯೇ ಹೋಗುತ್ತವೆ. ಆ ಗಾಬರಿಯಲ್ಲಿ ಎಲ್ಲ ನೀರು ಚೆಲ್ಲಿ, ಫಿಲ್ಟರನ್ನು ನಲ್ಲಿ ಕೆಳಗೆ ತೊಳೆದರೆ ಮತ್ತೆ ಮೊದಲ ದಿನಕ್ಕೆ ಬಂದಿರಿ.

7. ಮೀನು ತರುವ ದಿನ

ಅಂಗಡಿಯಲ್ಲಿ ಕಾಲು ಗಂಟೆ ನಿಂತು ನೋಡಿ. ಆಹಾರ ಹಾಕಿಸಿ, ತಿನ್ನಲು ಬಾರದ ಮೀನು ಬೇಡ. ಹೊಟ್ಟೆ ಒಳಸೇರಿದ್ದು, ರೆಕ್ಕೆ ಮುದುರಿದ್ದು, ಬಿಳಿ ದಾರದಂಥ ಹಿಕ್ಕೆ ಹಾಕುವುದು ಬೇಡ. ಅದೇ ತೊಟ್ಟಿಯಲ್ಲಿ ಸತ್ತ ಮೀನೊಂದು ಕಂಡರೆ ಉಳಿದವೂ ಬೇಡ, ಎಷ್ಟೇ ಕಡಿಮೆಗೆ ಕೊಟ್ಟರೂ. ಅಂಗಡಿಯ ನೀರಿನ ಟಿಡಿಎಸ್ ಅಳೆಯಲು ಮೀಟರ್ ಜೊತೆಗೊಯ್ಯಿರಿ. ಮುಜುಗರ ಪಡಬೇಡಿ, ಒಳ್ಳೆಯ ಅಂಗಡಿಯವರು ಖುಷಿಪಡುತ್ತಾರೆ.

ಏಂಜಲ್ ಆದರೆ ಐದಾರು ಮರಿ, ಅವುಗಳಲ್ಲೇ ಜೋಡಿ ಕೂಡಿಕೊಳ್ಳುತ್ತದೆ. ಕ್ರಿಬೆನ್ಸಿಸ್ ಆದರೆ ಒಂದು ಗಂಡು, ಒಂದು ಹೆಣ್ಣು. ಚಿಕ್ಕದಾಗಿ, ದುಂಡಗೆ, ಹೊಟ್ಟೆ ನೇರಳೆಗೆಂಪು ಇರುವುದು ಹೆಣ್ಣು. ಏಂಜಲ್ ಜೊತೆಗೆ ನಿಯಾನ್ ಟೆಟ್ರಾ ಹಾಕಬೇಡಿ. ಮರಿ ಏಂಜಲ್ ಏನೂ ಮಾಡುವುದಿಲ್ಲ, ಬೆಳೆದ ಏಂಜಲ್ ನುಂಗುತ್ತದೆ.

ಬೆಂಗಳೂರಿನಿಂದ ತರಿಸುವುದಾದರೆ ಆಕ್ಸಿಜನ್ ತುಂಬಿದ ಚೀಲ, ಥರ್ಮೊಕೋಲ್ ಡಬ್ಬ, ರಾತ್ರಿಯ ಪ್ರಯಾಣ. ಮನೆಗೆ ಬಂದ ಮೇಲೆ ಚೀಲವನ್ನು ಕಾಲು ಗಂಟೆ ತೇಲಬಿಡಿ, ನಂತರ ಮೀನನ್ನು ಅದೇ ನೀರಿನೊಂದಿಗೆ ಪಾತ್ರೆಗೆ ಸುರಿದು, ನಿಮ್ಮ ನೀರನ್ನು ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಮುಕ್ಕಾಲು ಗಂಟೆ ಬಿಡಿ. ಬಲೆಯಲ್ಲಿ ಮೀನನ್ನಷ್ಟೇ ಎತ್ತಿ, ಚೀಲದ ನೀರು ಚೆಲ್ಲಿ. ನೇರ ಟ್ಯಾಂಕಿಗಲ್ಲ, ಸ್ಪಾಂಜ್ ಫಿಲ್ಟರ್ ಇರುವ ಪ್ಲಾಸ್ಟಿಕ್ ಟಬ್ಬಿಗೆ, ಎರಡು ಮೂರು ವಾರ. ಆ ಫಿಲ್ಟರ್ ಮೊದಲೇ ದೊಡ್ಡ ಟ್ಯಾಂಕಿನಲ್ಲಿ ಓಡಿ ಪಳಗಿರಬೇಕು. ರೋಗವಿದ್ದರೆ ಟಬ್ಬಿನಲ್ಲೇ ಔಷಧಿ ಹಾಕಬಹುದು. ಗಿಡದ ಟ್ಯಾಂಕಿಗೆ ಮೆಥಿಲೀನ್ ಬ್ಲೂ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಸಿಲಿಕೋನ್ ಅಂಟೂ ನೀಲಿಯಾಗುತ್ತದೆ.

8. ಆಹಾರ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಂದು ದಿನ ಉಪವಾಸ. ಚರಂಡಿಯಿಂದ ಹಿಡಿದ ಟ್ಯೂಬಿಫೆಕ್ಸ್ ಹುಳು ಬೇಡ, ಫ್ರೀಜ್ ಮಾಡಿದ ಬ್ಲಡ್‌ವರ್ಮ್ ವಾರಕ್ಕೊಮ್ಮೆ ಸಾಕು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬ ಕೊಟ್ಟು ಹೋಗಬೇಡಿ. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಹಸಿದಿರಬಲ್ಲದು, ಪಕ್ಕದ ಮನೆಯ ಆಂಟಿಯ ಪ್ರೀತಿಯನ್ನು ತಡೆಯಲಾರದು.

9. ವಾರದ ಕೆಲಸ

ಕಾಲು ಭಾಗ ನೀರು ಬದಲಿಸಿ. ಸೈಫನ್ ಅನ್ನು ಮರಳಿನ ಮೇಲೆ ತೇಲಿಸಿದಂತೆ ಆಡಿಸಿ, ಬೇರಿನ ಹತ್ತಿರ ಚುಚ್ಚಬೇಡಿ. ಸ್ಪಾಂಜನ್ನು ತಿಂಗಳಿಗೊಮ್ಮೆ, ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲಿ ಹಿಂಡಿ. ಆ ನೀರನ್ನು ಅಮ್ಮನ ತುಳಸಿಗೆ, ದಾಸವಾಳಕ್ಕೆ ಹಾಕಿ. ಕರೆಂಟ್ ಬಿಲ್ಲಿನ ಮಾತು ಬಂದಾಗ ಅನುಕೂಲವಾಗುತ್ತದೆ.

ಯಾರೂ ಹೇಳದ ಒಂದು ವಿಷಯ: ನಮ್ಮ ಬೇಸಿಗೆಯಲ್ಲಿ ನೀರು ಬಹಳ ಆವಿಯಾಗುತ್ತದೆ. ಆವಿಯಾಗುವುದು ನೀರಷ್ಟೇ, ಲವಣ ಒಳಗೇ ಉಳಿಯುತ್ತದೆ. ಕಡಿಮೆಯಾದಷ್ಟಕ್ಕೆ ಮತ್ತೆ ಬೋರ್ ನೀರು ಹಾಕುತ್ತ ಹೋದರೆ ಎರಡು ತಿಂಗಳಲ್ಲಿ ಟಿಡಿಎಸ್ 300 ಇದ್ದದ್ದು 600 ದಾಟಬಹುದು. ಆವಿಯಾದ ಜಾಗಕ್ಕೆ ಬರೀ ಆರ್‌ಓ ನೀರು ಹಾಕಿ. ಬದಲಿಸುವಾಗ ಮಾತ್ರ ಬೆರೆಸಿದ ನೀರು.

ಒಣಗಿ ಉದುರಿದ ಬಾದಾಮಿ ಮರದ ಎಲೆ ಒಂದೆರಡು ಹಾಕಬಹುದು. ನೀರು ತಿಳಿ ಚಹಾ ಬಣ್ಣಕ್ಕೆ ಬರುತ್ತದೆ, ಮೀನಿಗೆ ಹಿತ. ರಸ್ತೆ ಬದಿಯ ಧೂಳು ಎಲೆಯಲ್ಲ, ಶಾಲೆ ಅಂಗಳದ್ದು, ತೊಳೆದು.

10. ಬೇಸಿಗೆ, ಚಳಿ, ಕರೆಂಟ್

ಏಪ್ರಿಲ್, ಮೇನಲ್ಲಿ ಹೊರಗೆ 38ರಿಂದ 40 ಡಿಗ್ರಿ ಇರುವಾಗ ಟ್ಯಾಂಕ್ 32 ದಾಟುತ್ತದೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟರೆ, 32ರಲ್ಲಿ ಅದು 7ರ ಹತ್ತಿರಕ್ಕೆ ಇಳಿಯುತ್ತದೆ. ರಾತ್ರಿ ಗಿಡಗಳೂ ಅದನ್ನೇ ಬಳಸುತ್ತವೆ. ಅದಕ್ಕೇ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುವುದು. ಮುಚ್ಚಳ ತೆಗೆದು ಜಾಲರಿ ಹಾಕಿ, ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ತಿರುಗಿಸಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಏರ್ ಪಂಪ್ ರಾತ್ರಿ ನಿಲ್ಲಿಸಬೇಡಿ. ಲೈಟನ್ನು ಮಧ್ಯಾಹ್ನದ ಬದಲು ಸಂಜೆಗೆ ಹಾಕಿ. ಐಸ್ ತುಂಡುಗಳನ್ನು ನೇರ ಸುರಿಯಬೇಡಿ.

ಡಿಸೆಂಬರ್ ರಾತ್ರಿಗಳಿಗೆ ಹೀಟರ್ 26ಕ್ಕೆ ಇಡಿ, ಲೀಟರಿಗೆ ಒಂದು ವ್ಯಾಟ್ ಲೆಕ್ಕ. ಎರಡಡಿಗೆ 100, ಮೂರಡಿಗೆ 200. ಬಿಳಿ ಚುಕ್ಕೆ ರೋಗ ಹೆಚ್ಚಾಗಿ ಬರುವುದು ಹೀಟರಿಲ್ಲದೆ ಹಗಲು ರಾತ್ರಿ ಉಷ್ಣತೆ ಏರಿಳಿಯುವ ಈ ತಿಂಗಳುಗಳಲ್ಲೇ.

ಕರೆಂಟ್ ಗಂಟೆಗಟ್ಟಲೆ ಹೋದರೆ ಬ್ಯಾಟರಿ ಪಂಪನ್ನು ಸ್ಪಾಂಜ್ ಫಿಲ್ಟರಿಗೇ ಜೋಡಿಸಿ, ಬ್ಯಾಕ್ಟೀರಿಯಾಗಳಿಗೂ ಗಾಳಿ ಬೇಕು. ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದು, ನಾಲ್ಕೈದು ಗಂಟೆ ನಿಂತಿದ್ದರೆ, ಮತ್ತೆ ಹಚ್ಚುವ ಮೊದಲು ಅದರೊಳಗಿನ ನೀರನ್ನು ಚೆಲ್ಲಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರು ಟ್ಯಾಂಕಿಗೆ ಹೋಗಲೇಬಾರದು.

11. ಅಪಾಯದ ಸೂಚನೆಗಳು

ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ರೋಗವಲ್ಲ, ನೀರಿನ ತೊಂದರೆ. ಮೊದಲು ಗಾಳಿ ಹೆಚ್ಚಿಸಿ, ನಂತರ ಅಮೋನಿಯಾ, ನೈಟ್ರೈಟ್ ನೋಡಿ. ಯಾವುದಾದರೂ ಕಂಡರೆ ಆ ಕ್ಷಣವೇ ಮೂರನೇ ಒಂದು ಭಾಗ ನೀರು ಬದಲಿಸಿ, ಎರಡು ದಿನ ಆಹಾರ ನಿಲ್ಲಿಸಿ. ಒಂದೇ ಮೀನು ಮೂಲೆಯಲ್ಲಿ, ಹೀಟರ್ ಹಿಂದೆ ಅಡಗಿ, ರೆಕ್ಕೆ ಹರಿದಿದ್ದರೆ ಅದನ್ನು ಇನ್ನೊಂದು ಮೀನು ಓಡಿಸುತ್ತಿದೆ.

ಸಕ್ಕರೆ ಉದುರಿಸಿದಂಥ ಬಿಳಿ ಚುಕ್ಕೆಗಳಿದ್ದರೆ ದಿನಕ್ಕೆ ಒಂದು ಡಿಗ್ರಿಯಂತೆ 30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಎರಡು ವಾರ ಹಾಗೇ ಬಿಡಿ. ಉಪ್ಪು ಹಾಕಿ ಅಂತ ಹೇಳುವವರು ಸಿಗುತ್ತಾರೆ. ಗಿಡದ ಟ್ಯಾಂಕಿನಲ್ಲಿ ಉಪ್ಪು ಗಿಡಗಳಿಗೇ ಪೆಟ್ಟು ಕೊಡುತ್ತದೆ.

ಗಿಡವೂ ಮಾತಾಡುತ್ತದೆ. ಹಳೇ ಎಲೆಯಲ್ಲಿ ಸೂಜಿ ತೂತು ಬಿದ್ದರೆ ಪೊಟ್ಯಾಸಿಯಂ ಕೊರತೆ, ಹೊಸ ಎಲೆ ಹಳದಿಯಾದರೆ ಕಬ್ಬಿಣದ ಕೊರತೆ. ದ್ರವ ಗೊಬ್ಬರವನ್ನು ಬಾಟಲಿ ಮೇಲೆ ಬರೆದದ್ದರ ಅರ್ಧದಿಂದ ಶುರು ಮಾಡಿ.

12. ಜೋಡಿ ಕೂಡಿದ ಮೇಲೆ

ಎರಡು ಏಂಜಲ್ ಒಂದು ಎಲೆಯನ್ನು ಬಾಯಲ್ಲಿ ಉಜ್ಜಿ ಸ್ವಚ್ಛ ಮಾಡುತ್ತ, ಉಳಿದವನ್ನು ಎದುರು ಮೂಲೆಗೆ ಅಟ್ಟುತ್ತಿದ್ದರೆ ಜೋಡಿಯಾಯಿತು. ಉಳಿದವನ್ನು ಆ ವಾರವೇ ಬೇರೆ ಮಾಡಿ, ತಡಮಾಡಿದರೆ ಸಾಯುತ್ತವೆ. ಮೊದಲ ಮೂರು ನಾಲ್ಕು ಸಲದ ಮೊಟ್ಟೆಗಳನ್ನು ಅವೇ ತಿಂದುಬಿಡುವುದು ಸಾಮಾನ್ಯ. ನೀವು ಕೈ ಹಾಕಬೇಡಿ, ಲೈಟು ದಿಢೀರನೆ ಆಫ್ ಮಾಡಬೇಡಿ. ಬಿಳಿಯಾದ ಮೊಟ್ಟೆ ಕೆಟ್ಟದ್ದು, ಉಳಿದವು ಎರಡು ಮೂರು ದಿನದಲ್ಲಿ ಒಡೆಯುತ್ತವೆ. ಮರಿ ಈಜಲು ಇನ್ನೂ ಐದಾರು ದಿನ, ಆಗಿನಿಂದ ಆಗತಾನೆ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿಗಳು ಬೇಕು.

ಮರಿ ಹೆಚ್ಚಾದರೆ ರೂಪಾಯಿ ನಾಣ್ಯದಷ್ಟಾದಾಗ ಅಂಗಡಿಗೆ ಕೊಟ್ಟು ಆಹಾರದ ಡಬ್ಬ ತನ್ನಿ, ಅಥವಾ ಗೆಳೆಯರಿಗೆ ಹಂಚಿ. ದೊಡ್ಡದಾಗಿ ಸಾಕಲಾಗದ ಮೀನನ್ನೂ ಹೀಗೇ. ಕುಂದವಾಡ ಕೆರೆಗೋ ನಾಲೆಗೋ ಮಾತ್ರ ಬಿಡಬೇಡಿ. ಹೊರಗಿನಿಂದ ಬಂದ ಜಿಲೇಬಿ ಮೀನು ನಮ್ಮ ಕೆರೆಗಳಲ್ಲಿ ಎಷ್ಟು ತುಂಬಿಕೊಂಡಿದೆ ಎಂದು ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ.